ಆಯಿಯ ಚಿತ್ರಕ್ಕೆ ಯಾವ ಬಟ್ಟೆ?

ರಾಮಸಮುದ್ರದ ನಮ್ಮ ಮನೆಯ ಪಡಸಾಲೆಯಲ್ಲಿ ಮುತ್ಯಾನ ಒಂದು ತೈಲಚಿತ್ರವಿದೆ. ಬಿಳಿ ರುಮಾಲು, ಬಿಳಿ ಅಂಗಿ, ದಪ್ಪ ಮೀಸೆ. ಯಾದಗಿರಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಕಲಾವಿದರೊಬ್ಬರು ನಾನು ಹುಟ್ಟುವ ಮೊದಲೇ ಒಂದು ಸಣ್ಣ ಫೋಟೊ ನೋಡಿಕೊಂಡು ಬರೆದದ್ದು. ಆ ಚಿತ್ರದ ಹಣೆಯ ಮೇಲೆ ಈಗ ಮೂರು ಬೆರಳಿನಷ್ಟು ಅಗಲಕ್ಕೆ ಬಣ್ಣವೇ ಇಲ್ಲ. ಅಲ್ಲಿ ಬಟ್ಟೆಯ ಎಳೆಗಳು ಕಾಣುತ್ತವೆ. ನನ್ನ ಆಯಿ, ಅಂದರೆ ಅಪ್ಪನ ತಾಯಿ, ಪ್ರತಿ ಅಮವಾಸ್ಯೆಗೆ ಒದ್ದೆ ಬಟ್ಟೆಯಿಂದ ಚಿತ್ರವನ್ನು ಒರೆಸಿ, ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಅದೇ ಜಾಗಕ್ಕೆ ಹಚ್ಚುತ್ತಿದ್ದಳು. ಮೂವತ್ತು ವರ್ಷಕ್ಕೂ ಮಿಕ್ಕಿ ಹೀಗೆ ನಡೆಯಿತು. ಚಿತ್ರ ಹಾಳಾದದ್ದು ಅಲಕ್ಷ್ಯದಿಂದಲ್ಲ, ಅಕ್ಕರೆಯಿಂದ.

ಆಯಿ ಹೋದ ವರ್ಷ ತೀರಿಕೊಂಡಳು. ಮುತ್ಯಾನ ಪಕ್ಕದಲ್ಲಿ ಅವಳದೂ ಒಂದು ಚಿತ್ರ ಇರಬೇಕೆಂದು ಕಾಕಾ ನಿಶ್ಚಯಿಸಿದರು. ಬರೆಯಲು ಒಪ್ಪಿದವರು ನಮ್ಮ ಕಡೆಯ ನಿವೃತ್ತ ಡ್ರಾಯಿಂಗ್ ಮಾಸ್ತರರು. ಅವರು ಒಂದೇ ಷರತ್ತು ಹಾಕಿದರು: “ಮಾರಿ ನಾ ಬರೀತೀನಿ. ಬಟ್ಟಿ ನೀ ಆರಿಸ್ಕೊಂಡ ಬಾ. ಚಿತ್ರದ ಇತಿಹಾಸ ಓದ್ಲತ್ತಿಯಲ್ಲ ತಮ್ಮಾ, ಬಟ್ಟಿದೂ ಒಂದಿಷ್ಟ ಓದು.”

ನನಗೆ ಸ್ವಲ್ಪ ನಾಚಿಕೆಯಾಯಿತು. ದಖ್ಖನಿನ ಭಾವಚಿತ್ರಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವವನು ನಾನು. ಕಣ್ಣು, ಕೈ, ಒಡವೆ, ಕುಳಿತ ಭಂಗಿ ಇವುಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದೆ. ಆ ಮುಖಗಳೆಲ್ಲ ಯಾವುದರ ಮೇಲೆ ನಿಂತಿವೆ ಎಂದು ಒಮ್ಮೆಯೂ ಸರಿಯಾಗಿ ಕೇಳಿಕೊಂಡಿರಲಿಲ್ಲ. ವಸ್ತುಸಂಗ್ರಹಾಲಯದ ಪಟ್ಟಿಗಳಲ್ಲಿ ‘ಕ್ಯಾನ್ವಾಸಿನ ಮೇಲೆ ತೈಲವರ್ಣ’ ಎಂಬ ಮಾತು ಸಾವಿರ ಸಲ ಕಣ್ಣಿಗೆ ಬಿದ್ದಿತ್ತು. ಅದರಲ್ಲಿ ‘ತೈಲ’ ಎಂದರೆ ಬಹುಪಾಲು ಅಗಸೆ ಎಣ್ಣೆ, ‘ಕ್ಯಾನ್ವಾಸ್’ ಎಂದರೆ ಬಹುಪಾಲು ಅಗಸೆ ನಾರಿನ ಬಟ್ಟೆ ಎಂಬುದು ಗೊತ್ತಿದ್ದರೂ ಮನಸ್ಸಿಗೆ ತಟ್ಟಿರಲಿಲ್ಲ. ಲಿನನ್ ಎಂಬ ದುಬಾರಿ ಬಟ್ಟೆ ನಮ್ಮ ಹೊಲದ ಅಗಸೆ ಗಿಡದ ದಂಟಿನಿಂದಲೇ ಆಗುವಂಥದ್ದು.

ನಮ್ಮ ಕಡೆ ಅಗಸಿ ಯಾರಿಗೆ ಗೊತ್ತಿಲ್ಲ? ಹಿಂಗಾರಿನಲ್ಲಿ ಜೋಳ, ಕುಸುಬೆ, ಕಡಲೆಯ ನಡುವೆ ಅಕ್ಕಡಿ ಸಾಲಾಗಿ ಬಿತ್ತುವ ಬೆಳೆ. ಮೊಣಕಾಲಿನಷ್ಟು, ಹೆಚ್ಚೆಂದರೆ ತೊಡೆಯಷ್ಟು ಎತ್ತರದ ಗಿಡ, ತಿಳಿನೀಲಿ ಹೂವು, ಗುಂಡನೆಯ ಕಾಯಿ, ಅದರೊಳಗೆ ಹೊಳೆಯುವ ಕಂದು ಕಾಳು. ಎಳ್ಳಮವಾಸ್ಯೆಯ ಚರಗದ ಬುತ್ತಿಯಲ್ಲಿ ಸಜ್ಜಿ ರೊಟ್ಟಿ, ಪುಂಡಿಪಲ್ಯದ ಜೊತೆ ಅಗಸಿ ಹಿಂಡಿ ಇರಲೇಬೇಕು. ಆಯಿ ಕಾಳು ಹುರಿದು, ಬಳ್ಳೊಳ್ಳಿ ಖಾರ ಹಾಕಿ ಕುಟ್ಟುವಾಗಿನ ವಾಸನೆ ಪಡಸಾಲೆ ದಾಟಿ ಅಂಗಳಕ್ಕೆ ಬರುತ್ತಿತ್ತು. ಅಗಸಿ ಎಂದರೆ ನಮ್ಮಲ್ಲಿ ಊರ ಬಾಗಿಲೂ ಹೌದು. ಚಿಕ್ಕವನಿದ್ದಾಗ ಎರಡೂ ಒಂದೇ ಎಂದುಕೊಂಡಿದ್ದೆ.

ಆದರೆ ಕಾಳು ಬಡಿದ ಮೇಲೆ ದಂಟು ಏನಾಗುತ್ತಿತ್ತು? ಒಲೆಗೆ ಹೋಗುತ್ತಿತ್ತು, ಇಲ್ಲವೆ ತಿಪ್ಪೆಗೆ. ನಾರು ತೆಗೆಯುವ ವಿದ್ಯೆ ನಮ್ಮವರಿಗೆ ಗೊತ್ತಿರಲಿಲ್ಲವೆಂದಲ್ಲ. ಪುಂಡಿ ಕಟ್ಟಿಗೆಯನ್ನು ಹಳ್ಳದ ನೀರಿನಲ್ಲಿ ಕೊಳೆಹಾಕಿ, ಸಿಪ್ಪೆ ಸುಲಿದು, ನಾರು ಬಿಡಿಸಿ ಹಗ್ಗ ಹೊಸೆಯುತ್ತಿದ್ದರು. ಅಗಸೆಯಿಂದ ಲಿನನ್ ತೆಗೆಯುವ ಕ್ರಮವೂ ಮೂಲತಃ ಇದೇ. ತೊಡಕಿರುವುದು ಬೇರೆ ಕಡೆ. ಕಾಳಿನ ಅಗಸೆ ಗಿಡ್ಡ, ಟಿಸಿಲು ಹೆಚ್ಚು. ನಾರಿನ ಅಗಸೆಯನ್ನು ಒತ್ತೊತ್ತಾಗಿ ಬಿತ್ತಿ, ಟಿಸಿಲೊಡೆಯದಂತೆ ಸೊಂಟ ಮೀರಿ ನೇರ ಬೆಳೆಸಬೇಕು. ಒಳ್ಳೆಯ ನಾರು ಬೇಕೆಂದರೆ ಕಾಳು ಪೂರ್ತಿ ಬಲಿಯುವ ಮೊದಲೇ ಗಿಡವನ್ನು ಬೇರುಸಹಿತ ಕೀಳಬೇಕು. ನಾರಿಗೆ ತಂಪು, ತೇವದ ಹವೆ ಒಗ್ಗುತ್ತದೆ. ನಮ್ಮದು ಒಣ ಹಿಂಗಾರು. ಒಂದೇ ಹೊಲದಿಂದ ಒಳ್ಳೆಯ ಹಿಂಡಿಯೂ ಒಳ್ಳೆಯ ಬಟ್ಟೆಯೂ ಬರುವುದಿಲ್ಲ. ನಮ್ಮವರು ಹಿಂಡಿಯನ್ನು ಆರಿಸಿಕೊಂಡರು. ಬಟ್ಟೆಗೆ ಹತ್ತಿ ಇತ್ತು.

ಹಾಗೆಂದು ಈ ನಾಡಿಗೆ ಅಗಸೆ ಬಟ್ಟೆ ಹೊಸದಲ್ಲ. ಸಂಸ್ಕೃತದಲ್ಲಿ ಅಗಸೆಗೆ ಅತಸೀ ಎಂಬ ಹೆಸರಿನ ಜೊತೆ ಕ್ಷುಮಾ ಎಂಬ ಹೆಸರೂ ಇದೆ. ಅದರ ನಾರಿನ ಬಟ್ಟೆ ಕ್ಷೌಮ. ಕೌಟಿಲ್ಯನ ಅರ್ಥಶಾಸ್ತ್ರ ಕಾಶಿ ಮತ್ತು ಪುಂಡ್ರ ದೇಶದ ಕ್ಷೌಮವನ್ನು ಹೆಸರಿಸುತ್ತದೆ. ಅಗಸೆಯ ಸಸ್ಯಶಾಸ್ತ್ರೀಯ ಹೆಸರು ಲೈನಮ್ ಯುಸಿಟಾಟಿಸ್ಸಿಮಮ್. ಎರಡನೆಯ ಪದಕ್ಕೆ ‘ಅತ್ಯಂತ ಉಪಯುಕ್ತ’ ಎಂದರ್ಥ. ಕ್ಯಾನ್ವಾಸ್ ಎಂಬ ಪದ ಮಾತ್ರ ಭಂಗಿ ಗಿಡದ ಲ್ಯಾಟಿನ್ ಹೆಸರಿನಿಂದ ಬಂದದ್ದು. ಹಳೆಯ ಕ್ಯಾನ್ವಾಸುಗಳು ಭಂಗಿ ನಾರಿನವೂ ಇದ್ದವು, ಅಗಸೆ ನಾರಿನವೂ ಇದ್ದವು.

ಲಿನನ್ ಮೇಲೆ ಮನುಷ್ಯರ ಮುಖ ಬರೆಯುವ ಪದ್ಧತಿ ಎಷ್ಟು ಹಳೆಯದು ಎಂದು ಹುಡುಕುತ್ತ ಹೋದರೆ ಈಜಿಪ್ಟಿನ ಫಯೂಮ್ ಸೀಮೆಗೆ ಬಂದು ನಿಲ್ಲುತ್ತೇವೆ. ಕ್ರಿಸ್ತಶಕದ ಮೊದಲ ಮೂರು ಶತಮಾನಗಳಲ್ಲಿ ಅಲ್ಲಿ ಸತ್ತವರ ಮುಖವನ್ನು ಬರೆದು ಮಮ್ಮಿಯ ಜೊತೆ ಇಡುತ್ತಿದ್ದರು. ಹೆಚ್ಚಿನವು ಮರದ ತೆಳು ಹಲಗೆಯ ಮೇಲೆ, ಕೆಲವು ನೇರವಾಗಿ ಲಿನನ್ ಹೊದಿಕೆಯ ಮೇಲೆ. ಆ ಮುಖಗಳು ಚಕ್ರವರ್ತಿಗಳವಲ್ಲ. ಊರಿನ ಅನುಕೂಲಸ್ಥ ಮನೆಗಳ ಹೆಂಗಸರು, ಗಂಡಸರು, ಮಕ್ಕಳು. ಸತ್ತವರ ಮುಖ ಉಳಿಯಲಿ ಎಂದು ಬರೆಸಿದವು. ಕಾಕಾ ಹೇಳಿದ ಕೆಲಸಕ್ಕೆ ಇಷ್ಟು ಹಳೆಯ ಪೂರ್ವಜರಿದ್ದಾರೆಂದು ತಿಳಿದು ನನಗೆ ಧೈರ್ಯ ಬಂತು.

ಯುರೋಪಿನಲ್ಲಿ ಬಹುಕಾಲ ಮುಖ್ಯ ಚಿತ್ರಗಳೆಲ್ಲ ಮರದ ಹಲಗೆಯ ಮೇಲಿದ್ದವು. ಹದಿನೈದು, ಹದಿನಾರನೆಯ ಶತಮಾನಗಳಲ್ಲಿ ವೆನಿಸ್ ನಗರದವರು ದೊಡ್ಡ ಪ್ರಮಾಣದಲ್ಲಿ ಬಟ್ಟೆಗೆ ತಿರುಗಿದರು. ಅದು ಹಡಗಿನ ಊರು, ಹಾಯಿಬಟ್ಟೆಗೆ ಕೊರತೆಯಿರಲಿಲ್ಲ. ಉಪ್ಪುಗಾಳಿಯ ತೇವಕ್ಕೆ ಅಲ್ಲಿ ಹಸಿಗಾರೆಯ ಭಿತ್ತಿಚಿತ್ರ ಬಾಳುತ್ತಿರಲಿಲ್ಲ. ಬಟ್ಟೆಯನ್ನು ಸುತ್ತಿ ಎಲ್ಲಿಗೆ ಬೇಕಾದರೂ ಕಳಿಸಬಹುದಿತ್ತು. ಸುತ್ತಿ ಹಡಗಿಗೆ ಹಾಕಬಹುದಾದ ಈ ಚಿತ್ರ ಸಮುದ್ರ ದಾಟಿ ನಮ್ಮ ಕಡೆಗೂ ಬಂತು.

ನಮ್ಮ ನೆರೆಯ ಬಿಜಾಪುರಕ್ಕೆ 1610ರ ಸುಮಾರಿಗೆ ಒಬ್ಬ ಡಚ್ ಚಿತ್ರಕಾರ ಬಂದ. ಹೆಸರು ಕಾರ್ನೆಲಿಸ್ ಕ್ಲೇಸ್ ಹೇಡಾ, ಊರು ಹಾರ್ಲೆಮ್. ಪ್ರಾಗ್ ನಗರದ ಚಕ್ರವರ್ತಿ ಎರಡನೆಯ ರುಡಾಲ್ಫನ ಬಳಿ ಇದ್ದವನು ಪರ್ಷಿಯಾದ ದಾರಿ ಹಿಡಿದು, ಪೋರ್ಚುಗೀಸರ ಕೈಗೆ ಸಿಕ್ಕು, ಕೊನೆಗೆ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನ ಸೇರಿದ. ವೀನಸ್, ಬ್ಯಾಕಸ್, ಕ್ಯುಪಿಡ್ ಇರುವ ಅವನ ಚಿತ್ರವೊಂದನ್ನು ಸುಲ್ತಾನ ಮೆಚ್ಚಿದ. 1622ರಲ್ಲಿ ಸಾಯುವವರೆಗೂ ಹೇಡಾ ಇಲ್ಲೇ ಇದ್ದ. ಅವನು ಹುಟ್ಟಿದ ಹಾರ್ಲೆಮ್ ಲಿನನ್ ಬಟ್ಟೆಯನ್ನು ಬಿಳುಪು ಮಾಡುವುದಕ್ಕೆ ಇಡೀ ಯುರೋಪಿನಲ್ಲಿ ಹೆಸರಾದ ಊರು. ಅಗಸೆ ನಾರಿನ ಊರಿನವನೊಬ್ಬ ಅಗಸೆ ಕಾಳಿನ ಸೀಮೆಗೆ ಬಂದು ಹನ್ನೆರಡು ವರ್ಷ ಬದುಕಿ ಇಲ್ಲೇ ಮಣ್ಣಾದ. ಇವತ್ತು ಇದು ಅವನದೇ ಎಂದು ಬೊಟ್ಟು ಮಾಡಿ ತೋರಿಸಬಹುದಾದ ಬಿಜಾಪುರದ ಚಿತ್ರ ಒಂದೂ ಉಳಿದಿಲ್ಲ. ಅವನ ಪತ್ರಗಳು ಉಳಿದಿವೆ.

ಉಳಿದ ಚಿತ್ರ ಬೇಕೆಂದರೆ ದಕ್ಷಿಣಕ್ಕೆ, ಶ್ರೀರಂಗಪಟ್ಟಣಕ್ಕೆ ಹೋಗಬೇಕು. 1799ರಲ್ಲಿ ಟಿಪ್ಪು ಮಡಿದ ಮೇಲೆ ಐರಿಷ್ ಚಿತ್ರಕಾರ ಥಾಮಸ್ ಹಿಕಿ ಅಲ್ಲಿಗೆ ಬಂದು ದಿವಾನ್ ಪೂರ್ಣಯ್ಯ ಮೊದಲಾದವರ ಚಿತ್ರ ಬರೆದ. ಆ ಕಾಲಕ್ಕೆ ಲಂಡನ್ನಿನ ಬಣ್ಣದ ವ್ಯಾಪಾರಿಗಳು ಹಾಸು ಬಳಿದು ತಯಾರಾದ ಲಿನನ್ ಅನ್ನು ನಿಗದಿತ ಅಳತೆಗಳಲ್ಲಿ ಮಾರುತ್ತಿದ್ದರು. ಮುಖ ಮತ್ತು ಹೆಗಲಿಗೆ 30×25 ಇಂಚು, ಅದಕ್ಕೆ ‘ಮುಕ್ಕಾಲು’ ಎಂದು ಹೆಸರು. ಕೈಗಳೂ ಬೇಕೆಂದರೆ 36×28. ಮಂಡಿಯವರೆಗೆ 50×40. ತಲೆಯಿಂದ ಕಾಲಿನವರೆಗೆ 94×58. ಚಿತ್ರಕಾರನ ದರವೂ ಇದೇ ಲೆಕ್ಕದಲ್ಲಿ ಏರುತ್ತಿತ್ತು. ದೊಡ್ಡವರು ಕಾಲು ಬೆರಳವರೆಗೆ ಉಳಿದರು, ಉಳಿದವರು ಹೆಗಲಿಗೆ ಮುಗಿದರು. ಇಂಗ್ಲೆಂಡಿನಲ್ಲಿ 1831ರವರೆಗೆ ಇಂಥ ಬಟ್ಟೆಗೆ ಸುಂಕವಿತ್ತು, ಸುಂಕದ ಮುದ್ರೆಯನ್ನು ಬಟ್ಟೆಯ ಹಿಂಬದಿಗೆ ಒತ್ತುತ್ತಿದ್ದರು. ಹೆಸರು, ತಾರೀಖು ಇಲ್ಲದ ಚಿತ್ರ ಸಿಕ್ಕರೆ ಇತಿಹಾಸಕಾರರು ಇವತ್ತು ಮುಖಕ್ಕಿಂತ ಮೊದಲು ಬೆನ್ನು ನೋಡುವುದು ಇದಕ್ಕೇ.

ಹಿಕಿ 1805ರಲ್ಲಿ ಬರೆದ ಚಿತ್ರವೊಂದರಲ್ಲಿ ಮೂವರು ಹೆಂಗಸರಿದ್ದಾರೆ. ಬಹುಕಾಲ ಅವರನ್ನು ಯಾರೋ ನರ್ತಕಿಯರು ಎಂದೇ ತಿಳಿದಿದ್ದರು. ಅವರು ಮೈಸೂರು ಅರಮನೆಯ ಹೆಣ್ಣುಮಕ್ಕಳು, ಮುಮ್ಮಡಿ ಕೃಷ್ಣರಾಜ ಒಡೆಯರ ಮನೆಯವರು, ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಆಗಷ್ಟೇ ಬಂದಿದ್ದ ಸಿಡುಬಿನ ಚುಚ್ಚುಮದ್ದನ್ನು ಜನರಿಗೆ ಪರಿಚಯಿಸಲು ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದರು. ಇದನ್ನು ಮೊದಲು ಓದಿದಾಗ ಚುಚ್ಚುಮದ್ದಿನ ಕತೆಯೇ ನನಗೆ ದೊಡ್ಡದೆನಿಸಿತ್ತು. ಆಯಿ ಹೋದ ಮೇಲೆ ಬೇರೆಯೇ ಮಾತು ಮನಸ್ಸಿಗೆ ನಾಟಿತು. ಬಟ್ಟೆ ಇನ್ನೂರು ವರ್ಷ ಬಾಳಿತು. ಮುಖ ಬಾಳಿತು. ಒಡವೆಯ ಹೊಳಪೂ ಬಾಳಿತು. ಅವರು ಯಾರು ಎಂಬುದಷ್ಟೇ ಕಳೆದುಹೋಗಿತ್ತು. ಅರಮನೆಯ ಹೆಂಗಸರಿಗೇ ಹೀಗಾದರೆ ರಾಮಸಮುದ್ರದ ಮುದುಕಿಯ ಪಾಡೇನು?

ಇನ್ನು ನಮ್ಮ ಸೀಮೆಗೆ ಬರೋಣ. ಯಾದಗಿರಿಯಿಂದ ಭೀಮಾ ದಾಟಿ ಶಹಾಪುರದ ಮೇಲೆ ಹಾದರೆ ಸುರಪುರ. ಅಲ್ಲಿನ ನಾಯಕ ಅರಸರ ಆಶ್ರಯದಲ್ಲಿ ಗರುಡಾದ್ರಿ ಮನೆತನದ ಚಿತ್ರಕಾರರು ಚಿನ್ನದ ರೇಕು ಬಳಸಿ, ಕೂದಲೆಳೆಯಂಥ ಗೆರೆಗಳಲ್ಲಿ ದೇವರನ್ನೂ ದೊರೆಗಳನ್ನೂ ಬರೆದರು. ಲಿನನ್, ಅಗಸೆ ಎಣ್ಣೆ ಇಲ್ಲದೆಯೂ ಭಾವಚಿತ್ರ ಸಾಧ್ಯ ಎಂಬುದಕ್ಕೆ ಸುರಪುರವೇ ಸಾಕ್ಷಿ. ಅದೇ ಸೀಮೆಯ ಮುದನೂರು ವಚನಕಾರ ದೇವರ ದಾಸಿಮಯ್ಯನ ಊರು. ಅವನು ನೇಕಾರ. ಹಾಸು, ಹೊಕ್ಕು ಎಂಬ ಮಾತುಗಳಿಗೆ ಈ ಮಣ್ಣಿನಲ್ಲಿ ಸಾವಿರ ವರ್ಷದ ಬಳಕೆಯಿದೆ. ಅಂದರೆ ಇಲ್ಲಿ ನೇಯುವ ಕೈಯೂ ಇತ್ತು, ಬರೆಯುವ ಕೈಯೂ ಇತ್ತು, ಅಗಸೆಯೂ ಇತ್ತು. ಮೂರೂ ಒಂದೆಡೆ ಸೇರುವ ಕಾರಣ ಮಾತ್ರ ಹುಟ್ಟಲಿಲ್ಲ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ಸೆರೆಯಲ್ಲಿ ತೀರಿಕೊಂಡ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು. ಬರೆಸುವ ದೊರೆಯೇ ಇಲ್ಲವಾದ ಮೇಲೆ ಬರೆಯುವ ಮನೆಗಳೂ ಸೊರಗಿದವು.

ಅಷ್ಟರಲ್ಲಿ ಜಗತ್ತಿನ ಬೇರೆ ಮೂಲೆಯಲ್ಲಿ ಒಂದು ಸಣ್ಣ ವಸ್ತು ಬಂದಿತ್ತು. ಫಿಲಿಪ್ ಮೆಡೋಸ್ ಟೇಲರ್ ಸುರಪುರಕ್ಕೆ ಬಂದ 1841ರಲ್ಲೇ ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ‍್ಯಾಂಡ್ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ಅದುವರೆಗೆ ಎಣ್ಣೆಯಲ್ಲಿ ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡಬೇಕಿತ್ತು. ಟ್ಯೂಬಿನಲ್ಲಿ ಅದು ತಿಂಗಳುಗಟ್ಟಲೆ ಒಣಗದೆ ಇರುತ್ತಿತ್ತು. 1871ರಲ್ಲಿ ಮುಂಬಯಿ ಮತ್ತು ಮದ್ರಾಸಿನ ರೈಲುದಾರಿಗಳು ರಾಯಚೂರಿನಲ್ಲಿ ಕೂಡಿದವು. ಆ ದಾರಿ ಯಾದಗಿರಿಯ ಮೇಲೆಯೇ ಹಾಯುತ್ತದೆ. ಬಣ್ಣ, ಬಟ್ಟೆ ಯಾವ ಊರಿಗಾದರೂ ಬರಬಹುದಾದ ಕಾಲ ಬಂತು.

ತಿರುವಾಂಕೂರಿನಲ್ಲಿ 1868ರಲ್ಲಿ ಥಿಯೊಡೋರ್ ಜೆನ್ಸನ್ ಎಂಬ ಚಿತ್ರಕಾರ ಕೆಲಸ ಮಾಡುವುದನ್ನು ನೋಡಿ ತೈಲವರ್ಣ ಕಲಿತ ತರುಣ ರಾಜಾ ರವಿವರ್ಮ ಮುಂದೆ ಮೈಸೂರು ಅರಮನೆಗೂ ಬರೆದರು. 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದಾಗ ಲಕ್ಷ್ಮಿ, ಸರಸ್ವತಿಯರು ಅರಮನೆಯ ಕ್ಯಾನ್ವಾಸಿನಿಂದ ಇಳಿದು ಕಾಗದದ ಮೇಲೆ ಮನೆಮನೆಗೆ ನಡೆದರು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮದ್ರಾಸಿನಲ್ಲಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳ ಮೂಲಕ ಅದೇ ದಾರಿಯನ್ನು ಇನ್ನಷ್ಟು ಅಗಲ ಮಾಡಿದರು. ದೇವರು ಕಾಗದದಲ್ಲಿ ಎಲ್ಲರ ಮನೆಗೆ ಬಂದ. ಆದರೆ ಮನೆಯ ಹಿರಿಯರ ಮುಖವನ್ನು ಮುದ್ರಣಾಲಯ ಅಚ್ಚು ಹಾಕುವುದಿಲ್ಲ. ಅದನ್ನು ಕೈಯಿಂದಲೇ ಬರೆಸಬೇಕು. ಆ ಜಾಗವನ್ನು ತುಂಬಿದವರು ನಮ್ಮ ತಾಲ್ಲೂಕು ಊರುಗಳ ಬೋರ್ಡು ಕಲಾವಿದರು. ಅವರ ಕೈಗೆ ಸಿಕ್ಕ ಬಟ್ಟೆ ಲಿನನ್ ಅಲ್ಲ, ಅಂಗಡಿಯ ಮಾಂಜರಪಾಟು.

ಮುತ್ಯಾನ ಚಿತ್ರ ಅಂಥದೇ ಒಂದು ಮಾಂಜರಪಾಟಿನ ಮೇಲಿದೆ. ಮಾಸ್ತರರು ಅದನ್ನು ಗೋಡೆಯಿಂದ ಇಳಿಸಿ, ತಿರುಗಿಸಿ, ಬೆರಳಿನಿಂದ ಮೆಲ್ಲಗೆ ತಟ್ಟಿದರು. ಬಿಗಿಯಾದ ಬಟ್ಟೆ ಹಲಗೆಯಂತೆ ಸದ್ದು ಮಾಡಬೇಕು. ಇದು ಒದ್ದೆ ಹಪ್ಪಳದಂತೆ ಸುಮ್ಮನಿತ್ತು. ಅವರು ನನಗೆ ವಿವರಿಸಿದ್ದು ಇಷ್ಟು. ಎಣ್ಣೆ ಬಣ್ಣ ಆರುವುದು ನೀರು ಆವಿಯಾದಂತೆ ಅಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿ ಪೊರೆಯಾಗುತ್ತದೆ. ಆ ಎಣ್ಣೆ ನೇರವಾಗಿ ಬಟ್ಟೆಗೆ ತಾಗಿದರೆ ಎಳೆ ಕ್ರಮೇಣ ಸುಟ್ಟಂತಾಗಿ ಪುಡಿಯಾಗುತ್ತದೆ. ಹತ್ತಿಯೇ ಇರಲಿ, ಲಿನನ್ನೇ ಇರಲಿ, ಇದು ತಪ್ಪಿದ್ದಲ್ಲ. ಅದಕ್ಕೆ ಬಟ್ಟೆಗೂ ಬಣ್ಣಕ್ಕೂ ನಡುವೆ ಮೊದಲು ಅಂಟಿನ ಒಂದು ತೆಳು ಪದರ, ಅದರ ಮೇಲೆ ಬಿಳಿಯ ಹಾಸು ಬೇಕು. ಮುತ್ಯಾನ ಚಿತ್ರದಲ್ಲಿ ಅಂಟು ಇತ್ತು, ಮರವಜ್ರದ್ದು. ಅಂದರೆ ಬಡಿಗೇರು ಬಳಸುವ, ಚರ್ಮ ಮೂಳೆ ಕುದಿಸಿ ತೆಗೆದ ಅಂಟು. ಅದಕ್ಕೆ ನೀರೇ ಶತ್ರು. ಆಯಿ ಒದ್ದೆ ಬಟ್ಟೆಯಿಂದ ಒರೆಸಿದಾಗಲೆಲ್ಲ ಬಿರುಕುಗಳ ಮೂಲಕ ನೀರು ಒಳಗಿಳಿದು ಅಂಟು ಉಬ್ಬುತ್ತಿತ್ತು, ಬೇಸಿಗೆಯ ಝಳಕ್ಕೆ ಮತ್ತೆ ಕುಗ್ಗುತ್ತಿತ್ತು. ಮೇಲಿನ ಬಣ್ಣ ಆ ಕುಣಿತಕ್ಕೆ ಹೊಂದಿಕೊಳ್ಳಲಾರದೆ ಕಳಚಿಬಿತ್ತು.

“ಬಟ್ಟಿ ತಪ್ಪಲ್ಲ, ಬರೆದವರದೂ ತಪ್ಪಲ್ಲ,” ಎಂದರು ಮಾಸ್ತರರು. “ಮನಿಯವ್ರು ಚಿತ್ರಾನ ಮುಟ್ಟತಾರ ಅಂತ ಯಾವ ಪುಸ್ತಕದಾಗೂ ಬರೆದಿಲ್ಲ.”

ಆ ಮಾತು ಕೇಳಿದ ಮೇಲೆ ಬಟ್ಟೆ ಆರಿಸುವುದು ಎಂದರೇನು ಎಂಬುದು ನನಗೆ ಮೊದಲ ಬಾರಿಗೆ ತಿಳಿಯಿತು. ಯಾವುದು ಉತ್ತಮ ಬಟ್ಟೆ ಎಂದು ಸುಮ್ಮನೆ ಕೇಳಿದರೆ ಉತ್ತರವಿಲ್ಲ. ಯಾರ ಮುಖ, ಯಾವ ಗೋಡೆ, ಅದರೊಂದಿಗೆ ಬದುಕುವವರು ಯಾರು, ಅವರು ಆ ಚಿತ್ರವನ್ನು ಹೇಗೆ ನಡೆಸಿಕೊಳ್ಳುತ್ತಾರೆ, ಇವನ್ನೆಲ್ಲ ಕೇಳಬೇಕು.

ಬಟ್ಟೆ ತರಲು ಹೈದರಾಬಾದಿಗೆ ಹೋದೆ. ಅಂಗಡಿಯವರು ಸುರುಳಿಗಳನ್ನು ಬಿಚ್ಚಿ ಹಾಕಿದರು. ಮಾಸ್ತರರು ಹೇಳಿಕೊಟ್ಟಂತೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ. ನೇಯ್ಗೆ ಒತ್ತಾಗಿರಬೇಕು, ಸೂಜಿಮೊನೆಯಷ್ಟು ಬೆಳಕೂ ಅಲ್ಲಲ್ಲಿ ತೂರಬಾರದು. ಹಾಸಿನ ಎಳೆ, ಹೊಕ್ಕಿನ ಎಳೆ ದಪ್ಪದಲ್ಲೂ ಲೆಕ್ಕದಲ್ಲೂ ಸರಿಸಮನಾಗಿರಬೇಕು. ಇಲ್ಲದಿದ್ದರೆ ಒಂದು ದಿಕ್ಕಿಗೆ ಹೆಚ್ಚು ಎಳೆದುಕೊಳ್ಳುತ್ತದೆ. ಒರಟು ನೇಯ್ಗೆ ದೊಡ್ಡ ಚಿತ್ರಗಳಿಗೆ ಚಂದ. ಟಿಶಿಯನ್‌ನಂಥವರು ಅದರ ಒರಟುತನವನ್ನೇ ಬಳಸಿಕೊಂಡರು. ಮುಖಕ್ಕೆ, ಅದರಲ್ಲೂ ಮುಕ್ಕಾಲು ಅಳತೆಯ ಮುಖಕ್ಕೆ, ನುಣುಪು ನೇಯ್ಗೆ ಬೇಕು. ಒರಟು ಎಳೆಯ ಉಬ್ಬು ಕಣ್ಣಿನ ರೆಪ್ಪೆಯ ಮೇಲೋ ತುಟಿಯ ಅಂಚಿನ ಮೇಲೋ ಬಂದರೆ ಕುಂಚ ಅಲ್ಲಿ ಎಡವುತ್ತದೆ. ಲಿನನ್ ಎಳೆಯಲ್ಲಿ ಅಲ್ಲಲ್ಲಿ ಸಣ್ಣ ಗಂಟುಗಳಿರುವುದು ಸಹಜ. ಗಂಟಿಲ್ಲದ ಭಾಗವನ್ನು ಮುಖಕ್ಕೆ ಬರುವಂತೆ ಕತ್ತರಿಸಿಕೊಳ್ಳಬೇಕು.

ಲಿನನ್ ಹೌದೋ ಅಲ್ಲವೋ ಎಂದು ನೋಡಲು ಅಂಚಿನಿಂದ ಒಂದು ಎಳೆ ಬಿಡಿಸಿ, ಹುರಿ ಬಿಚ್ಚಿ, ಎಳೆದು ತುಂಡು ಮಾಡಬೇಕು. ಹತ್ತಿಯಾದರೆ ತುದಿ ಕುಂಚದಂತೆ ಕೆದರುತ್ತದೆ. ಅಗಸೆ ನಾರಾದರೆ ತುದಿ ನೀಳವಾಗಿ, ಚೂಪಾಗಿ ಉಳಿಯುತ್ತದೆ. ಹತ್ತಿಯ ನಾರು ಒಂದೆರಡು ಇಂಚಿನ ಒಳಗೆ ಮುಗಿಯುತ್ತದೆ, ಅಗಸೆಯ ನಾರು ಗೇಣುಗಟ್ಟಲೆ ಉದ್ದ. ಲಿನನ್ ಗಟ್ಟಿ ಎನ್ನುವುದಕ್ಕೆ, ಚೌಕಟ್ಟಿಗೆ ಬಿಗಿದರೆ ಬಹುಕಾಲ ಬಿಗಿ ಉಳಿಯುತ್ತದೆ ಎನ್ನುವುದಕ್ಕೆ ಮುಖ್ಯ ಕಾರಣ ಇದೇ. ಹತ್ತಿ ಹೆಚ್ಚು ಹಿಗ್ಗುತ್ತದೆ, ಬೇಗ ಜೋಲುತ್ತದೆ. ಆದರೂ ಚೆನ್ನಾಗಿ ನೇಯ್ದ ದಪ್ಪ ಹತ್ತಿ ಕ್ಯಾನ್ವಾಸನ್ನು ಸರಿಯಾಗಿ ತಯಾರಿಸಿದರೆ ಅದೂ ಬಾಳುತ್ತದೆ. ತಯಾರಿ ಕೆಟ್ಟರೆ ಲಿನನ್ ಕೂಡ ಕೆಡುತ್ತದೆ.

ಬೆಲೆ ಕೇಳಿ ಕಾಕಾರಿಗೆ ಫೋನ್ ಮಾಡಿದೆ. ನುಣುಪು ಲಿನನ್ ಹತ್ತಿ ಕ್ಯಾನ್ವಾಸಿನ ನಾಲ್ಕು ಪಟ್ಟಿಗೂ ಮೇಲಿತ್ತು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

“ಅಕಿ ಇದ್ದಾಗ ಇಷ್ಟ ರೊಕ್ಕದ ಒಂದ ಸೀರಿ ಉಟ್ಟಿಲ್ಲಪಾ,” ಎಂದರು ಕಾಕಾ. “ಈಗ ಚಿತ್ರದ ಬಟ್ಟಿಗ್ಯಾಕ ಇಷ್ಟ ಖರ್ಚು?”

ನನ್ನ ಬಳಿ ಉತ್ತರವಿರಲಿಲ್ಲ. ಅವರು ಹೇಳಿದ್ದು ನಿಜ. ಆಯಿ ವರ್ಷಕ್ಕೆ ಎರಡು ನೂಲಿನ ಸೀರೆ ಉಡುತ್ತಿದ್ದಳು, ಹರಿದಾಗ ಅವುಗಳನ್ನೇ ಸೇರಿಸಿ ಕೌದಿ ಹೊಲಿಯುತ್ತಿದ್ದಳು. ಅಂಗಡಿಯ ಹೊರಗೆ ಬಂದು ಚಹಾ ಕುಡಿಯುತ್ತ ಕುಳಿತೆ. ಹತ್ತಿಯನ್ನೇ ಒಯ್ದರೆ ಯಾವ ಅಪಚಾರವೂ ಆಗುತ್ತಿರಲಿಲ್ಲ. ಇಡೀ ಜೀವಮಾನ ಹತ್ತಿ ಬಿಡಿಸಿದವಳಿಗೆ ಹತ್ತಿಯೇ ಸರಿಯೇನೋ ಎಂದೂ ಅನಿಸಿತು. ಆದರೆ ಸರಿ ಎಂಬ ಆ ಮಾತಿನಲ್ಲಿ ಒಂದು ಹಳೆಯ ಲೆಕ್ಕ ಅಡಗಿದೆ. ಯಾರ ಮುಖ ಎಷ್ಟು ವರ್ಷ ಇರಬ��ಕು ಎಂಬುದನ್ನು ಬಟ್ಟೆಯ ಬೆಲೆ ಮೊದಲೇ ನಿಶ್ಚಯಿಸಿದ ಲೆಕ್ಕ. ನಾನು ಓದಿದ ಇತಿಹಾಸವೆಲ್ಲ ಆ ಲೆಕ್ಕದ ಪ್ರಕಾರ ಉಳಿದ ಮುಖಗಳದು. ಅಗಸೆ ಬಿತ್ತಿದವರ, ಬಡಿದವರ, ಕುಟ್ಟಿದವರ ಮುಖ ಅಗಸೆ ಬಟ್ಟೆಯ ಮೇಲೆ ಬರಲಿಲ್ಲ. ಒಮ್ಮೆಯಾದರೂ ಬರಲಿ ಎನಿಸಿತು. ಮತ್ತೆ ಫೋನ್ ಮಾಡಿ, ಬಟ್ಟೆಯ ಖರ್ಚು ನನ್ನದು, ಉಳಿದದ್ದು ನಿಮ್ಮದು ಎಂದೆ. “ನಿನ್ನ ಖುಷಿ ತಮ್ಮಾ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಮಾಸ್ತರರು ಬಟ್ಟೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಇದು ಅಗಸಿದು ಎಂದಾಗ ಪಕ್ಕದಲ್ಲಿದ್ದ ನನ್ನ ಅವ್ವ ನಂಬಲಿಲ್ಲ. ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದಳು. 30×25 ಇಂಚಿನ ತೇಗದ ಚೌಕಟ್ಟು, ಮೂಲೆಗಳಲ್ಲಿ ಬೆಣೆ, ಬಟ್ಟೆ ಜೋತಾಗ ಬೆಣೆ ಬಡಿದು ಮತ್ತೆ ಬಿಗಿ ಮಾಡಬಹುದು. ನಾಲ್ಕೂ ಬದಿಯ ನಡುವಿನಿಂದ ಶುರುಮಾಡಿ ಎದುರುಬದುರಾಗಿ ಎಳೆಯುತ್ತ ಮೂಲೆಗಳತ್ತ ಮೊಳೆ ಹೊಡೆದೆವು. ಅಂಟಿಗೆ ಮರವಜ್ರ ಬೇಡವೆಂದರು. ಈ ಮನೆಯಲ್ಲಿ ಒದ್ದೆ ಬಟ್ಟೆ ನಿಲ್ಲುವುದಿಲ್ಲ, ಆಯಿಯ ಕೆಲಸ ಈಗ ಅವ್ವನಿಗೆ ಬಂದಿದೆ. ಅದಕ್ಕೆ ಆರಿದ ಮೇಲೆ ನೀರಿಗೆ ಕರಗದ ಅಕ್ರಿಲಿಕ್ ಲೇಪ, ಅದರ ಮೇಲೆ ಮೂರು ಸಲ ಗೆಸ್ಸೊ, ಪ್ರತಿ ಸಲ ಮರಳು ಕಾಗದದಿಂದ ಹಗುರವಾಗಿ ಉಜ್ಜಿದ್ದು. ಬೆನ್ನಿಗೆ ಧೂಳು, ಹಲ್ಲಿ ಸೇರದಂತೆ ತೆಳು ಹಲಗೆ. ಗೋಡೆಗೆ ತಾಗದಂತೆ ಮೂಲೆಗೊಂದು ಬಿರಡೆ. ಅಗಸೆ ಎಣ್ಣೆ ಕತ್ತಲೆಯಲ್ಲಿ ಹಳದಿ ತಿರುಗುತ್ತದೆಂದು ಚಿತ್ರಕ್ಕೆ ಪಡಸಾಲೆಯ ಬೆಳಕಿನ ಗೋಡೆಯನ್ನೇ ಆರಿಸಿದರು, ನೇರ ಬಿಸಿಲು ಮಾತ್ರ ಬೀಳದಂತೆ.

ಇನ್ನೊಂದು ಉಪಾಯವೂ ಅವರದೇ. ಎರಡೂ ಚಿತ್ರಗಳ ಕೆಳಗೆ ಒಂದೊಂದು ಸಣ್ಣ ಹಲಗೆ ಬಡಿಸಿದರು. ವಿಭೂತಿ, ಹೂವು ಎಲ್ಲ ಅಲ್ಲಿಗೆ. ಮುತ್ಯಾನ ಹಣೆಯನ್ನು ತಿದ್ದಿಕೊಡಿ ಎಂದು ಕಾಕಾ ಕೇಳಿದಾಗ ಮಾಸ್ತರರು ಒಪ್ಪಲಿಲ್ಲ. ಕಳಚುತ್ತಿದ್ದ ಅಂಚುಗಳನ್ನು ಮಾತ್ರ ಕೂರಿಸಿ, ನಡುವಿನ ಬರಿ ಬಟ್ಟೆಯನ್ನು ಹಾಗೇ ಬಿಟ್ಟರು. “ಅದು ನಿಮ್ಮವ್ವನ ಕೈ ಬರೆದದ್ದು. ಅದರ ಮ್ಯಾಲ ನಾ ಏನ್ ಬರೀಲಿ?”

ಆಯಿಯ ಚಿತ್ರ ಬರೆಯಲು ನಮ್ಮ ಬಳಿ ಇದ್ದದ್ದು ರೇಷನ್ ಕಾರ್ಡಿನ ಫೋಟೊ ಮತ್ತು ಮದುವೆಯೊಂದರಲ್ಲಿ ಯಾರದೋ ಹಿಂದೆ ಅರ್ಧ ಕಂಡ ಮುಖ. ಎರಡರಿಂದಲೂ ಕೂಡಿಸಿ, ನಾವೆಲ್ಲ ಹೇಳಿದ್ದನ್ನು ಕೇಳಿ, ಅವರು ಎರಡು ತಿಂಗಳು ಬರೆದರು. ಕಣ್ಣು ಆಯಿಯದೇ. ತುಟಿ ಸ್ವಲ್ಪ ಬಿಗಿಯಾಯಿತು ಎಂದು ಅವ್ವ ಈಗಲೂ ಹೇಳುತ್ತಾಳೆ.

ತೂಗುಹಾಕುವ ಮೊದಲು ನಾನು ಒಂದು ಕೆಲಸ ಮಾಡಿದೆ. ಶ್ರೀರಂಗಪಟ್ಟಣದ ಕಾಲದ ಆ ಮೂವರು ಹೆಂಗಸರು ತಲೆಯಲ್ಲಿದ್ದರು. ಬಟ್ಟೆಯ ಮೇಲೆ ಬರೆದರೆ ಶಾಯಿ ಮುಂದಕ್ಕೆ ಇಳಿಯಬಹುದು, ಅದಕ್ಕೆ ಚೌಕಟ್ಟಿನ ಮರದ ಮೇಲೆ, ಹಿಂಬದಿಗೆ, ಪೆನ್ಸಿಲಿನಿಂದ ಆಯಿಯ ಹೆಸರು ಬರೆದೆ. ಜೊತೆಗೆ ಅವಳ ತವರೂರು, ಅವಳ ತಾಯಿಯ ಹೆಸರು, ರಾಮಸಮುದ್ರ, ಬಟ್ಟೆ ಅಗಸೆಯದು, ಬರೆದವರು ಇಂಥವರು, ವರ್ಷ ಇಂಥದ್ದು. ಹೊಲದ ಪಹಣಿಯಲ್ಲಿ ಆಯಿಯ ಹೆಸರು ಎಂದೂ ಇರಲಿಲ್ಲ. ಊರಿನಲ್ಲಿ ಅವಳು ಯಾರದೋ ಸೊಸೆ, ಯಾರದೋ ತಾಯಿ. ತಾಯಿಯ ಹೆಸರು ಕೇಳಿದಾಗ ಕಾಕಾ ನೆನಪಿಸಿಕೊಳ್ಳಲು ತಡಬಡಾಯಿಸಿದರು, ಕೊನೆಗೆ ಆಯಿಯ ತಂಗಿಗೆ ಫೋನ್ ಮಾಡಿ ಕೇಳಿ ಹೇಳಿದರು.

ಈ ವರ್ಷದ ಎಳ್ಳಮವಾಸ್ಯೆಗೆ ಊರಿಗೆ ಹೋಗಿದ್ದೆ. ಹೊಲದಲ್ಲಿ ಅಗಸೆ ಹೂಬಿಟ್ಟಿತ್ತು. ಚರಗ ಚೆಲ್ಲಿ ಮನೆಗೆ ಬಂದಾಗ ಅವ್ವ ಪಡಸಾಲೆಯಲ್ಲಿ ಆಯಿಯ ಚಿತ್ರದ ಮುಂದೆ ನಿಂತಿದ್ದಳು. ಎಲೆಯ ಮೇಲೆ ಒಂದು ರೊಟ್ಟಿ, ಸ್ವಲ್ಪ ಅಗಸಿ ಹಿಂಡಿ ಹಲಗೆಯ ಮೇಲಿತ್ತು. ಅವಳ ಕೈಯಲ್ಲಿ ಒದ್ದೆ ಬಟ್ಟೆ. ನಾನು ಬೇಡ ಎನ್ನಲಿಲ್ಲ.